ಬತ್ತಿ ಅಂದರೆ ಬತ್ತಿಯಲ್ಲ

ಹೋದ ತಿಂಗಳು ಅಮ್ಮನ ಶುಗರ್ ಪರೀಕ್ಷೆಗೆ ಹೊಸನಗರದ ಆಸ್ಪತ್ರೆಗೆ ರಕ್ತ ಕೊಡಲು ಹೋಗಿದ್ದೆವು. ನರ್ಸ್ ಹತ್ತಿಗೆ ಸ್ಪಿರಿಟ್ ಹಾಕಿ ಅಮ್ಮನ ತೋಳಿಗೆ ಉಜ್ಜಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ಇದ್ದ ಕ್ಯಾಸೆಟ್ ಅಂಗಡಿ ಕಣ್ಣೆದುರು ಬಂತು. ಅಲ್ಲಿನ ಅಂಗಡಿಯವರು ಟೇಪ್ ರೆಕಾರ್ಡರಿನ ಹೆಡ್ಡನ್ನು ದಿನಕ್ಕೆ ಎರಡು ಸಲವಾದರೂ ಹೀಗೇ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸುತ್ತಿದ್ದರು. ಅವರ ಬೆರಳು, ಅಂಗಿ, ಅವರು ಕೊಡುವ ಕ್ಯಾಸೆಟ್ಟು ಎಲ್ಲಕ್ಕೂ ಅದೇ ವಾಸನೆ. ಎಷ್ಟೋ ವರ್ಷ ಆ ಮನುಷ್ಯನನ್ನು ನಾನು ಬೇಕಂತಲೇ ನೆನೆಸಿಕೊಂಡಿರಲಿಲ್ಲ...

ನಾನು ಹುಟ್ಟಾ ಅನುಮಾನದ ಪ್ರಾಣಿ. ಹೊಸನಗರದ ತಾಲ್ಲೂಕು ಕಚೇರಿ ಎದುರು ಕೂತು ದಸ್ತಾವೇಜು ಬರೆಯುವ ಕಸುಬು ಬೇರೆ. ಯಾವುದೇ ಸಹಿ ಕಂಡರೂ ಮೊದಲು ಖೋಟಾ ಇರಬಹುದಾ ಅಂತ ನೋಡಿ, ಆಮೇಲೆ ಹೆಸರು ಓದುತ್ತೇನೆ. ಚಿಕ್ಕಂದಿನಲ್ಲಿ ಅಕ್ಕ ನನ್ನನ್ನು 'ಪತ್ತೇದಾರ' ಅಂತಲೇ ಕರೆಯುತ್ತಿದ್ದಳು. ಹಾಲಿನ ಕೆನೆ ತಿಂದದ್ದು ಬೆಕ್ಕಲ್ಲ, ಅವಳೇ ಅಂತ ನಾನು ಹಿಡಿದುಕೊಟ್ಟ ದಿನ ಬಂದ ಹೆಸರು. ಮನೆಯವರನ್ನು ಬಿಟ್ಟರೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಬಿಡಲೂ ಇಲ್ಲ, ಮರ್ಯಾದೆ ಪ್ರಶ್ನೆ.

ನಮ್ಮ ಊರು ತೀರ್ಥಹಳ್ಳಿ ಕಡೆಯ ಮೇಳಿಗೆ. ಅಕ್ಕ ಓದಲು ಅಂತ ಸಾಗರಕ್ಕೆ ಹೋದಳು, ಓದಿದ್ದಕ್ಕಿಂತ ಹಾಡಿದ್ದೇ ಜಾಸ್ತಿ. ಗಣಪತಿ ಕೂರಿಸಿದಲ್ಲೆಲ್ಲ ಆರ್ಕೆಸ್ಟ್ರಾದಲ್ಲಿ ಅವಳೇ. ಅಂಥ ಒಂದು ಕಾರ್ಯಕ್ರಮ ಕೇಳಿದ ಕ್ಯಾಸೆಟ್ ಅಂಗಡಿಯವರು, "ಕೂಸೆ, ನಿಂದೇ ಒಂದು ಹಾಡು ಮಾಡನ" ಅಂದರಂತೆ. ಮಾತು ಅಕ್ಕನದೇ, ರಾಗ ಇಬ್ಬರದು. ಆ ಕಾಲಕ್ಕೆ ಅದಕ್ಕೆ ಪಾಪ್ ಸಾಂಗ್ ಅನ್ನುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ ಹೊಡೆದು, ಕಿಟಕಿಗೆ ಹಳೇ ಹಾಸಿಗೆ ಒರಗಿಸಿ ಅವರು ಸ್ಟುಡಿಯೋ ಮಾಡಿಕೊಂಡಿದ್ದರು. ಅಷ್ಟಾದರೂ ಬಸ್ಸಿನ ಹಾರನ್ ಒಳಗೆ ಬರುತ್ತಿತ್ತು. ಹಾಗಾಗಿ ಬಸ್ಸಿನ ಟೈಮ್ ನೋಡಿಕೊಂಡೇ ಹಾಡಿಸುತ್ತಿದ್ದರು. ನಿಟ್ಟೂರಿನ ಬಸ್ಸು ಹೊರಟಿತು ಅಂದರೆ ಹತ್ತು ನಿಮಿಷ ಸಿಕ್ಕಿತು ಅಂತ ಲೆಕ್ಕ, ಅಷ್ಟರಲ್ಲಿ ಒಂದು ಚರಣ ಮುಗಿಯಬೇಕು. ಒಮ್ಮೆ ಅಕ್ಕನನ್ನು ನೋಡಲು ಹೋದಾಗ ಅವರು ಬಾಗಿಲಲ್ಲಿ ಕೈ ಅಡ್ಡ ಹಿಡಿದು, ನನಗೆ ಸೀನು ಬಂದರೂ ತಡೆದುಕೋ ಅಂತ ಸನ್ನೆ ಮಾಡಿದ್ದರು.

ಹಾಡು ಮುಗಿದು ಎರಡು ತಿಂಗಳಿಗೆ ಅಕ್ಕ ಹೋಗಿಬಿಟ್ಟಳು. ಹೃದಯದ ಕವಾಟ ಹಾಳಾಗಿತ್ತಂತೆ. ಅವಳಿಗೆ ದಮ್ಮು ಕಟ್ಟುತ್ತಿತ್ತು ಅನ್ನುವುದೇ ನಮಗೆ ಆಸ್ಪತ್ರೆಯಲ್ಲಿ ಗೊತ್ತಾದದ್ದು. ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ಆರು ತಿಂಗಳಾದ ಮೇಲೆ ಅಂಗಡಿಯವರು ತಾವೇ ಮೇಳಿಗೆಗೆ ಬಂದು, ಅಕ್ಕನ ಫೋಟೋ ಇದ್ದ ಕ್ಯಾಸೆಟ್ಟನ್ನು ಅಮ್ಮನ ಕೈಗಿಟ್ಟು, ನೀರು ಕುಡಿದು ಹೋದರು. ನಾವು ಹಾಕಿ ಕೇಳಿದೆವು. ಪಲ್ಲವಿ ಹಾಡಿದ್ದು ಅಕ್ಕ. ಮೊದಲನೇ ಚರಣ ಅಕ್ಕ. ಎರಡನೇ ಚರಣಕ್ಕೆ ಬರುವಾಗ ನನ್ನ ಕಿವಿ ನೆಟ್ಟಗಾಯಿತು. ದನಿ ಸ್ವಲ್ಪ ದಪ್ಪ, ಉಸಿರು ಗಿಡ್ಡ. ಕೊನೆಯಲ್ಲಿ ಒಂದು ಸಾಲು, "ದೀಪ ಆರಿಸಬೇಡ, ಬತ್ತಿ... ಬತ್ತಿ..." ಇದೇನಪ್ಪ, ದೀಪದ ಬತ್ತಿಯನ್ನು ಎರಡೆರಡು ಸಲ ಯಾಕೆ ಕರೀತಾಳೆ ಅಂದುಕೊಂಡೆ. ಕಚೇರಿ ಎದುರು ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಹವ್ಯಕರವನು. ಅವನು ಕೇಳಿ ನಕ್ಕ. "ದೀಪದ ಬತ್ತಿ ಅಲ್ಲ ಮಾರಾಯಾ, ಅದು ನಮ್ಮ ಮನೆಮಾತು. ಬತ್ತಿ ಅಂದ್ರೆ ಬರ್ತೀನಿ ಅಂತ."

ತಗೋ! ನಮ್ಮ ಮನೆಯಲ್ಲಿ ಯಾರು ಬತ್ತಿ ಅಂತಾರೆ? ನಾವು ಬತ್ತೀನಿ ಅನ್ನುವವರು. ಅಂಗಡಿಯವರು ಹವ್ಯಕರು, ಅವರ ಹೆಂಡತಿ ಭಜನೆ ಹೇಳುವವರು. ಎರಡನೇ ಚರಣ ಅರ್ಧಕ್ಕೇ ನಿಂತಿರಬೇಕು, ಇವರು ಹೆಂಡತಿ ಹತ್ತಿರ ಹಾಡಿಸಿ ತೇಪೆ ಹಾಕಿದ್ದಾರೆ. ನನ್ನ ತಲೆಯಲ್ಲಿ ಅಷ್ಟೂ ಕೂತುಬಿಟ್ಟಿತು.

ಮಾರನೇ ದಿನವೇ ಸಾಗರಕ್ಕೆ ಹೋದೆ. ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಒರಿಜಿನಲ್ ಟೇಪ್ ಕೊಡಿ ಅಂದೆ. ಅವರು ಕೈಯಲ್ಲಿದ್ದ ಹತ್ತಿಯನ್ನು ಹಿಂಡುತ್ತಾ, "ಅದೊಂದು ಕೊಡಕ್ಕಾಗದಿಲ್ಲ ತಮಾ" ಅಂದರು. ಯಾಕೆ ಅಂದೆ. ನೆಲ ನೋಡುತ್ತಾರೆ. ಕಳ್ಳನೇ ಸೈ ಅನ್ನಿಸಿತು ನನಗೆ. ಅವರ ಹೆಂಡತಿ ಅದೇ ಹೊತ್ತಿಗೆ ಊಟಕ್ಕೆ ಕರೆಯಲು ಒಳಬಾಗಿಲಿಗೆ ಬಂದಿದ್ದರು. ಅವರೆದುರಿಗೇ ಗಂಟಲು ಹರಿಯುವ ಹಾಗೆ ಕೂಗಿದೆ. "ಇವರ ಹತ್ರ ಹಾಡಿಸಿ, ಸತ್ತ ನಮ್ಮಕ್ಕನ ಹೆಸರು ಹಾಕಿದೀರಲ್ಲ, ನಾಚಿಕೆ ಆಗದಿಲ್ವಾ? ಪ್ರೂಫ್ ತೋರಿಸಿ!"

ಅವರು ತಲೆಯೆತ್ತಿ ಒಂದೇ ಮಾತು ಹೇಳಿದರು. "ಅದು ನಿನ್ನ ಅಕ್ಕನೇ ತಮಾ, ಬೇರೆ ಯಾರೂ ಅಲ್ಲ."

ನಾನು ನಂಬಲಿಲ್ಲ. ಅಕ್ಕ ಮಧ್ಯಾಹ್ನ ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲೇ ಅಂತ ನನಗೆ ಗೊತ್ತಿತ್ತು. ಅನ್ನದ ಜೊತೆ ಮಾತೂ ಅಂಟಿಕೊಳ್ಳುತ್ತದೆ ಅಂತ ಈ ಪತ್ತೇದಾರನಿಗೆ ಹೊಳೆಯಲಿಲ್ಲ. ಮನೆಗೆ ಬಂದು ಅಮ್ಮನಿಗೆ ಬತ್ತಿ ಅಂದರೆ ಬತ್ತೀನಿ ಅಂತ ಅರ್ಥ ಹೇಳಿ, ಅದು ಅಕ್ಕ ಅಲ್ಲ, ಮೋಸದ ಕ್ಯಾಸೆಟ್ಟು ಅಂದೆ. ಅಮ್ಮ ಅದನ್ನು ಟ್ರಂಕಿನಲ್ಲಿ ಸೀರೆ ಕೆಳಗೆ ಇಟ್ಟಳು. ಮತ್ತೆ ತೆಗೆಯಲಿಲ್ಲ.

ಮಾತು ಊರು ಸುತ್ತಿತು. ಸತ್ತವರ ದನಿ ಖೋಟಾ ಮಾಡುವ ಅಂಗಡಿ ಅಂತ ಜನ ಆಡಿಕೊಂಡರು. ಇಲ್ಲಿ ಧ್ವನಿಮುದ್ರಣ ಮಾಡಿಕೊಡಲಾಗುವುದು ಅನ್ನುವ ಬೋರ್ಡನ್ನು ಅವರು ತೆಗೆದುಹಾಕಿದರು. ಆಮೇಲೆ ಆ ಕೋಣೆಯಲ್ಲಿ ಯಾರೂ ಹಾಡಲಿಲ್ಲವಂತೆ, ಅವರ ಹೆಂಡತಿ ಭಜನೆಗೆ ಹೋಗುವುದನ್ನೂ ಬಿಟ್ಟರಂತೆ. ಒಂದು ಸಲ ಹೊಸನಗರಕ್ಕೆ ಹೋಗುವ ಬಸ್ಸಿನಲ್ಲಿ ಅವರು ನನ್ನ ಮುಂದಿನ ಸೀಟಿನಲ್ಲೇ ಇದ್ದರು. ತಿರುಗಿ, "ಅಮ್ಮ ಆರಾಮಿದ್ರಾ ತಮಾ?" ಅಂತ ಕೇಳಿದರು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಅವರು ಇಳಿಯುವವರೆಗೂ ಆ ಸ್ಪಿರಿಟ್ ವಾಸನೆ ಬರುತ್ತಲೇ ಇತ್ತು... ಕೆಲವು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ.

ಈಗ ನೋಡಿ ತಮಾಷೆ. ಯಾರೋ ಹುಡುಗರು ಆ ಹಾಡಿನ ತುಂಡು ಹಾಕಿ ರೀಲ್ಸ್ ಮಾಡಿದರು, ಅಕ್ಕನಿಗೆ ಅಭಿಮಾನಿಗಳು ಹುಟ್ಟಿಕೊಂಡರು. ಅವರದೊಂದು ವಾಟ್ಸಾಪ್ ಗುಂಪು. ನಾನು ಯಾರು ಅಂತ ಹೇಳದೆ ಅದರೊಳಗೆ ಸೇರಿಕೊಂಡಿದ್ದೆ. ಅಲ್ಲಿ ದಿನಾ ಜಗಳ. ಹಳೇ ಕ್ಯಾಸೆಟ್ಟಿನ ಹಾಡು ಒಂದು. ಆಮೇಲೆ ಯಾವುದೋ ಕಂಪನಿಯವರು ಡ್ರಮ್ಸ್ ತುಂಬಿ ಸಿ.ಡಿ.ಯಲ್ಲಿ ಬಿಟ್ಟದ್ದು ಇನ್ನೊಂದು, ಅದರಲ್ಲಿ ಎರಡನೇ ಚರಣ ಡ್ರಮ್ಸ್ ಕೆಳಗೆ ಹೂತುಹೋಗಿದೆ. ಮೂರನೆಯದು ಈಚೆಗೆ ಒಬ್ಬ ಕಂಪ್ಯೂಟರಿನಲ್ಲಿ ತೊಳೆದು ಹೊಳೆಯುವ ಹಾಗೆ ಮಾಡಿದ್ದು, ಅದರಲ್ಲಿ ಅಕ್ಕ 'ಬತ್ತೀನಿ' ಅಂತಾಳೆ! ಯಂತ್ರ ಅವಳ ಬಾಯಿಗೆ ಇಲ್ಲದ ಅಕ್ಷರ ಹಾಕಿದೆ. ಬತ್ತಿ ಅಂದರೆ ದೀಪದ ಬತ್ತಿಯೇ ಅಂತ ಒಂದು ಪಂಗಡ, ಕೊನೆಯ ಅಕ್ಷರ ಕತ್ತರಿಸಿದ್ದಾರೆ ಅಂತ ಒಂದು ಪಂಗಡ, ಎರಡನೇ ಚರಣ ಅವಳದ್ದೇ ಅಲ್ಲ ಅಂತ ಮತ್ತೊಂದು. ಈ ಕೊನೆಯವರ ಮಾತಿಗೆ ನಾನು ಒಳಗೊಳಗೇ ತಲೆಯಾಡಿಸುತ್ತಿದ್ದೆ.

ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿಬಂದ ವಾರವೇ ಗುಂಪಿನಲ್ಲಿ ನಾಲ್ಕನೆಯದು ಬಂತು. ಅಂಗಡಿಯವರ ಮಗಳು ಯೂಟ್ಯೂಬಿಗೆ ಹಾಕಿದ್ದು. ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಪೂರ್ತಿ ಟೇಪು, ಎಲ್ಲೂ ಕತ್ತರಿಸಿಲ್ಲ ಅಂತ ಬರೆದಿದ್ದಳು. ಗುಂಪಿನವರು ಕೂಡಲೇ ಫೇಕ್ ಅಂದರು. ನಾನೂ ಹಾಗೇ ಅಂದುಕೊಂಡು ಹಾಕಿ ಕೇಳಿದೆ.

ಎರಡನೇ ಚರಣ ಬಂತು. ದೀಪ ಆರಿಸಬೇಡ, ಬತ್ತಿ... ಬತ್ತಿ... ಹಾಡು ಅಲ್ಲಿಗೆ ನಿಂತಿತು. ಅಂಗಡಿಯವರ ದನಿ ಕೇಳಿತು. "ಎಂತದೇ ಕೂಸೆ, ಹಾಡಲ್ಲೂ ಎಂಗಳ ಮಾತಾ? ಇನ್ನೊಂದ್ಸಲ ಹೇಳ್ತ್ಯಾ?" ಆಮೇಲೆ ನಗು. ಆ ನಗು ಅಕ್ಕನದು.

"ಇರ್ಲಿ ಬಿಡಿ ಮಾವ, ಚೆಂದ ಅದೆ. ನಮ್ಮ ಪತ್ತೇದಾರ ಕೇಳಿದ್ರೆ ದೀಪದ ಬತ್ತಿ ಅಂತಾನೆ ನೋಡಿ!"

ಯಾವ ಯಂತ್ರಕ್ಕೆ ಗೊತ್ತು ಆ ಹೆಸರು? ಟೇಪು ಇನ್ನೂ ಓಡುತ್ತಿತ್ತು. ಕೆಮ್ಮು, ಏದುಸಿರು. "ಮಾವ, ಈ ದಮ್ಮು ಕಟ್ಟೋದು ಮನೇಲಿ ಹೇಳ್ಬೇಡಿ. ಅಮ್ಮ ಹಾಡಕ್ಕೇ ಬಿಡಲ್ಲ. ಆಣೆ ಮಾಡಿ." ಆಮೇಲೆ ಅವರು, "ಹೇಳ್ತ್ನಿಲ್ಲೆ ಮಾರಾಯ್ತಿ. ನಾಳೆ ಡಾಕ್ಟ್ರ ಹತ್ರ ಹೋಪನ, ಆತಾ?" ದೂರದಲ್ಲಿ ಬಸ್ಸಿನ ಹಾರನ್. ಟೇಪು ಮುಗಿಯಿತು.

ಆ ಟೇಪು ಕೊಟ್ಟಿದ್ದರೆ ಅವರ ಮೇಲಿನ ಅನುಮಾನ ಅವತ್ತೇ ಹೋಗುತ್ತಿತ್ತು. ಅವಳಿಗೆ ಕೊಟ್ಟ ಮಾತೂ ಹೋಗುತ್ತಿತ್ತು, ಅಮ್ಮನಿಗೆ ಹೆದರಿ ಅವಳು ದಮ್ಮು ಮುಚ್ಚಿಟ್ಟಳು ಅಂತ ಅಮ್ಮನಿಗೇ ಗೊತ್ತಾಗುತ್ತಿತ್ತು. ನಾನು ಬೈದದ್ದನ್ನು ಅವರು ನುಂಗಿಕೊಂಡು ನಿಂತಿದ್ದರು, ಅದನ್ನೇ ನಾನು ಕಳ್ಳನ ಲಕ್ಷಣ ಅಂತ ಓದಿದೆ. ಥೂ ನನ್ನ ಜನ್ಮಕ್ಕೆ.

ಅಮ್ಮ ಜಗುಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದಳು. ಏನು ಎತ್ತ ಹೇಳದೆ ಫೋನನ್ನು ಅವಳ ಕಿವಿ ಹತ್ತಿರ ಹಿಡಿದೆ. ಪೂರ್ತಿ ಕೇಳಿದಳು. ಮೊರವನ್ನು ಪಕ್ಕಕ್ಕಿಟ್ಟಳು.

"ಅವ್ಳೇ" ಅಂದಳು. "ನಂಗೆ ಆವತ್ತೇ ಗೊತ್ತಿತ್ತು ಕಣೋ. ಹೆತ್ತೋಳಿಗೆ ದನಿ ಗೊತ್ತಾಗದಿಲ್ವಾ?"

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ನೀನು ಬತ್ತಿ ಅಂದ್ರೆ ಬತ್ತೀನಿ ಅಂತ ಅರ್ಥ ಹೇಳ್ದೆ. ಬತ್ತೀನಿ ಬತ್ತೀನಿ ಅಂತ ಸತ್ತ ಮಗ್ಳು ಹೇಳೋದನ್ನ ದಿನಾ ಹೆಂಗೆ ಕೇಳ್ಲಿ? ನೀನು ಸುಳ್ಳು ಅಂದ್ಯಲ್ಲ, ಸುಳ್ಳೇ ಇರ್ಲಿ ಅಂತ ಸುಮ್ನಾದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಮನುಷ್ಯರಿಗೆ ಅನ್ಯಾಯ ಮಾಡಿದ್ವಿ. ಒಂದ್ ಮಾತು ಹೋಗಿ ಹೇಳಿ ಬರ್ಬೇಕಿತ್ತು."

ಸಾಗರಕ್ಕೆ ಹೋದೆ. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವರ ಮನೆ ಬೇರೆಯವರದಾಗಿದೆ, ಅವರ ಹೆಂಡತಿಯೂ ತೀರಿಕೊಂಡು ಎರಡು ವರ್ಷವಾಯಿತಂತೆ. ಅಲ್ಲೇ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಫೋನ್ ತೆಗೆದೆ. ಮಗಳು ಹಾಕಿದ ಟೇಪಿನ ಕೆಳಗೆ ಬೈಗುಳ ಬೆಳೆಯುತ್ತಲೇ ಇತ್ತು. ಅಪ್ಪನೂ ಫ್ರಾಡು, ಮಗಳೂ ಫ್ರಾಡು ಅಂತ ಒಬ್ಬ ಬರೆದಿದ್ದ. ಅದರ ಕೆಳಗೆ, ಟೇಪಿನಲ್ಲಿ ಹೇಳುವ ಆ ಪತ್ತೇದಾರ ನಾನೇ, ಆಕೆಯ ತಮ್ಮ, ಇವರ ಅಪ್ಪ ಮೋಸ ಮಾಡಿದವರಲ್ಲ, ತಪ್ಪು ನನ್ನದು ಅಂತ ಬರೆದೆ.

ಎರಡು ನಿಮಿಷ ಆಗಿರಲಿಲ್ಲ. ಯಾರೋ ಹುಡುಗ ಕೇಳಿದ, "ಪ್ರೂಫ್ ಇದೆಯಾ ಅಂಕಲ್?"

ನಿಟ್ಟೂರಿನ ಬಸ್ಸು ಹಾರನ್ ಹಾಕಿ ಹೊರಟಿತು. ಆಮೇಲೆ ಬರೆದೆ, ಅದು ನನ್ನ ಅಕ್ಕನೇ, ಬೇರೆ ಯಾರೂ ಅಲ್ಲ.

ಅವನು ನಂಬಲಿಲ್ಲ...