ದುಬಾರಿ ಫೋನಿಗೆ ಬಗ್ಗದ ಪಂಪು

ಮೂಡುಬಿದಿರೆ ಪಕ್ಕದ ಪುತ್ತಿಗೆಯಲ್ಲಿ ನಮ್ಮದು ಒಂದೇ ಅಂಗಳಕ್ಕೆ ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮೈದುನ. ಬಾವಿ ಒಂದೇ, ಪಂಪೂ ಒಂದೇ. ನನ್ನ ಗಂಡ ದುಬಾಯಿಯಿಂದ ಬರುವಾಗ ಐಫೋನ್ ತಂದಿದ್ದರು. ಅದಕ್ಕೆ ಬರುವ ಆಪ್‌ಗಳೆಲ್ಲ ಸೋಸಿ ತೆಗೆದವು, ತಮ್ಮನ ಆಂಡ್ರಾಯ್ಡಿನಲ್ಲಿರುವುದು ಬರೀ ಕಸ ಎಂಬ ಭಾಷಣ ಕೇಳದೆ ನಮ್ಮಲ್ಲಿ ಯಾರಿಗೂ ಚಹಾ ಸಿಗುತ್ತಿರಲಿಲ್ಲ.

"ರಾಶಿ ಆಪ್ ಇದ್ದರೆ ಏನು ಮಾರಾಯ, ಒಂದಾದರೂ ನೆಟ್ಟಗೆ ನಡೀತದಾ?" ಎಂದು ಇವರು ಕೆಣಕುವುದು.

"ನನ್ನದರಲ್ಲಿ ಬೇಕಾದದ್ದು ಉಂಟಣ್ಣ, ನಿಮ್ಮದರಲ್ಲಿ ಚಂದ ಮಾತ್ರ ಉಂಟು," ಎಂದು ಮೈದುನ ನಗುವುದು.

ಸಿಡಿಲಿಗೆ ಪಂಪಿನ ಸ್ವಿಚ್ಚು ಸುಟ್ಟಾಗ ಮೈದುನ ಪಾಣೆಮಂಗಳೂರಿನಿಂದ ಹೊಸ ಸ್ವಿಚ್ಚಿನ ಪೆಟ್ಟಿಗೆ ತಂದ. ಅದು ಫೋನಿನಿಂದ ಮಾತ್ರ ಚಾಲೂ ಆಗುವಂಥದ್ದು. ಅದರ ಆಪ್ ಐಫೋನಿಗೆ ಇರಲೇ ಇಲ್ಲ. ಹುಡುಕಿ ಹುಡುಕಿ ಇವರ ಮುಖ ಕಪ್ಪಿಟ್ಟಿತು.

"ನನ್ನದೂ ಆಂಡ್ರಾಯ್ಡೇ ಅಲ್ವಾ, ನಿಮ್ಮ ತಮ್ಮ ನನ್ನದಕ್ಕೆ ಹಾಕಿ ಕೊಡ್ಲಿ," ಎಂದೆ.

"ಇನ್ನು ನೀರಿಗೆ ನಿನ್ನ ಕಾಲು ಹಿಡೀಬೇಕಾ?" ಎಂದು ಗದರಿದರು.

ತಮ್ಮನನ್ನಾದರೂ ಬಾಯಿಬಿಟ್ಟು ಕೇಳುತ್ತಿದ್ದರೇ? ಅದೂ ಇಲ್ಲ. ಬೆಳಿಗ್ಗೆ ಅಂಗಳದ ಅಂಚಿಗೆ ಹೋಗಿ ಗಟ್ಟಿಯಾಗಿ ಕೆಮ್ಮುತ್ತಿದ್ದರು. ಅರ್ಥ ಮಾಡಿಕೊಂಡು ಅವನು ಪಂಪು ಬಿಡುತ್ತಿದ್ದ.

ಒಂದು ದಿನ ಇವರು ತಲೆಗೆ ಸೋಪು ಹಾಕಿಕೊಂಡಿದ್ದಾಗ ಟ್ಯಾಂಕಿ ಖಾಲಿಯಾಯಿತು. ಮೈದುನ ಪಿಕಪ್ಪಿನಲ್ಲಿ ಬಾಡಿಗೆಗೆಂದು ಚಾರ್ಮಾಡಿ ಕಡೆ ಹೋಗಿದ್ದ. ಎಷ್ಟು ಸಲ ಕರೆದರೂ ಫೋನ್ ಸಿಗಲಿಲ್ಲ. ಘಾಟಿಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? "ಬೇಕೂಂತಲೇ ಆಫ್ ಮಾಡಿದ್ದಾನೆ," ಎಂದು ಇವರು ಇಡೀ ದಿನ ಹಲ್ಲು ಕಡಿದರು.

ಸಂಜೆ ಬಂದವನು, "ಏನಣ್ಣ, ನೀರು ಬಿಡ್ಲಾ?" ಎಂದು ಫೋನ್ ತೆಗೆದ. ಇವರು ಅದನ್ನು ಕಿತ್ತುಕೊಂಡು ಬಟ್ಟೆ ಒಗೆಯುವ ಕಲ್ಲಿಗೆ ಬಡಿದರು. ಅವನು ಇವರ ಕುತ್ತಿಗೆಗೆ ಕೈ ಹಾಕಿದ. ಇವರು ಗೋಡೆಗೆ ಒರಗಿಸಿದ್ದ ಹಾರೆಯ ಮರದ ಕಾವು ಎತ್ತಿ ಬೀಸಿದರು. ಅದು ಮೈದುನನ ಕಿವಿಯ ಮೇಲೆ ಬಿದ್ದ ಸದ್ದು ಅಡುಗೆಮನೆಯ ಬಾಗಿಲಲ್ಲಿದ್ದ ನನಗೂ ಕೇಳಿತು. ಅವನು ಮೊಣಕಾಲೂರಿ ಕುಸಿದ. ಕೊರಳ ತುಂಬ ರಕ್ತ. ಇವರು ಮತ್ತೊಮ್ಮೆ ಎತ್ತಿದರು. ನಾನು ಓಡಿಹೋಗಿ ಕೈಯಲ್ಲಿದ್ದ ಸೌಟಿನಿಂದ ಇವರ ಮಣಿಕಟ್ಟಿಗೆ ಬಲವಾಗಿ ಬಾರಿಸಿದೆ. ಕಾವು ಕೆಳಗೆ ಬಿತ್ತು.

"ಒಂದು ಬಾಲ್ದಿ ನೀರಿಗೆ ತಮ್ಮನನ್ನೇ ಕೊಲ್ತೀರಾ ಮಾರಾಯ್ರೆ?"

ಗಾಯ ತೊಳೆಯಲು ನಲ್ಲಿ ತಿರುಗಿಸಿದರೆ ನೀರಿಲ್ಲ. ಪಂಪು ಬಿಡುವ ಫೋನು ಕಲ್ಲಿನ ಬುಡದಲ್ಲಿ ಚೂರಾಗಿತ್ತು. ಇವರು ತಮ್ಮ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಮರದ ಹಾಗೆ ನಿಂತಿದ್ದರು. ಕುಡಿಯಲು ಇಟ್ಟಿದ್ದ ಕೊಡದ ನೀರಿನಿಂದಲೇ ತೊಳೆದೆ. ಆ ಹೊತ್ತು ಗಂಡನ ಮೇಲೆ ಹುಟ್ಟಿದ ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ.

ಮೈದುನನ ಜೀವ ಉಳಿಯಿತು, ಆ ಕಿವಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವನೇ, "ಅತ್ತಿಗೆ, ನಿಮ್ಮ ಫೋನ್ ಕೊಡಿ," ಎಂದು ಆಪ್ ಹಾಕಿಕೊಟ್ಟ. ಅಣ್ಣನ ಮುಖ ನೋಡಲಿಲ್ಲ.

ಈಗ ಎರಡೂ ಮನೆಗೆ ನೀರು ಬಿಡುವವಳು ನಾನು. ಸ್ನಾನಕ್ಕೆ ಹೊರಟ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಆ ಕೆಮ್ಮಿಗೆ ಓಗೊಡುತ್ತಿದ್ದ ಕಿವಿಯನ್ನು ಇವರೇ ಒಡೆದರು. ನಾನು ಕೆಮ್ಮಿಗೆಲ್ಲ ಪಂಪು ಬಿಡುವುದಿಲ್ಲ. ಬಾಯಿಬಿಟ್ಟು ಕೇಳಬೇಕು.