ದಿಂಬಂನಲ್ಲಿ ಜಜ್ಜಿಹೋದ ಕಾರ್ಬೊರೇಟರ್

ಗಾಡಿಯ ಸದ್ದು ಕೇಳಿಯೇ ರಾಚಪ್ಪ ಅದರ ಓನರಿಗೆ ಹೊಡೆಯಲು ಏಳುತ್ತಿದ್ದ. ತಾಳವಾಡಿ ರಸ್ತೆಯಲ್ಲಿ ತಗಡಿನ ಮಾಡಿನ ಕೆಳಗೆ ಅವನ ವರ್ಕ್‌ಶಾಪ್. ತಿರುವಿನಾಚೆ ಎಂಜಿನ್ ಕೆಮ್ಮಿದರೆ ಸಾಕು, ಸ್ಪ್ಯಾನರ್ ಕೆಳಗಿಟ್ಟು, ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ರಸ್ತೆಗೆ ಬಂದು ನಿಲ್ಲುತ್ತಿದ್ದ. ಮೊದಲು ಬೈಗುಳ, ಆಮೇಲೆ ಏಟು, ಕೊನೆಗೆ ರಿಪೇರಿ. ಆದರೂ ಜನ ಅವನ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಅವನು ಮುಟ್ಟಿದ ಗಾಡಿ ದಾರಿಯಲ್ಲಿ ಕೈಕೊಡುತ್ತಿರಲಿಲ್ಲ.

ಅವನ ಅಪ್ಪ ನಮ್ಮ ಹೊಲದಲ್ಲಿ ಕೂಲಿ ಮಾಡಿದವನು, ಅಜ್ಜನೂ ಅಷ್ಟೆ. ನಮ್ಮೂರು ಪಣಕಹಳ್ಳಿಯಲ್ಲಿ ನಮ್ಮಂಥ ಜಮೀನಿನವರು ಎದುರಾದರೆ ಅವನ ಕೇರಿಯವರು ಟವೆಲ್ಲನ್ನು ಹೆಗಲಿನಿಂದ ಕಂಕುಳಿಗೆ ಇಳಿಸುವ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ರಾಚಪ್ಪ ಅದನ್ನೆಲ್ಲ ಕ್ಯಾರೇ ಅನ್ನುತ್ತಿರಲಿಲ್ಲ. ಒಮ್ಮೆ ತಾಳಮಲೆಯ ಜೀಪ್ ಡ್ರೈವರೊಬ್ಬ ಬ್ರೇಕ್ ಸವೆದ ಜೀಪಿನಲ್ಲಿ ಹದಿನೈದು ಜನರನ್ನು ತುಂಬಿಕೊಂಡು ಬಂದ. ರಾಚಪ್ಪ ಅವನನ್ನು ಕೊರಳಪಟ್ಟಿ ಹಿಡಿದು ಕೆಳಗೆಳೆದು, ಆ ಹದಿನೈದು ಜನರೆದುರೇ ಚಚ್ಚಿದ. ಡ್ರೈವರನ ಹಲ್ಲು ಮುರಿಯಿತು. ಆಮೇಲೆ ಅವನಿಗೆ ಬಾಯಿ ತೊಳೆಯಲು ನೀರು ಕೊಟ್ಟು, ಸಂಜೆಯವರೆಗೆ ಕೂತು ಬ್ರೇಕ್ ಕಟ್ಟಿಕೊಟ್ಟ. ಇನ್ನೊಬ್ಬ, ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲು ಚಿಮ್ಮುವ ಸಣ್ಣ ತೂತಿಗೆ, ಪಿನ್ನು ತುರುಕಿ ಹಿರಿದು ಮಾಡಿಕೊಂಡು ಬಂದಿದ್ದ. ರಾಚಪ್ಪ ಅದೇ ಪಿನ್ನನ್ನು ಅವನ ಕಿವಿಯೊಳಗಿಟ್ಟು, "ಇದ್ನೂ ದೊಡ್ಡದು ಮಾಡ್ಕೊಡ್ಲೇನ್ಲಾ?" ಎಂದು ಕೇಳಿದ. ಆ ಮನುಷ್ಯ ಅಲುಗಾಡದೆ ನಿಂತಿದ್ದ.

ಎರಡು ಸಾವಿರದ ಐದೋ ಆರೋ ಇರಬೇಕು, ನನಗೆ ಇಪ್ಪತ್ತೆಂಟು. ಕೊಯಮತ್ತೂರಿನಿಂದ ಹಳೆಯ ರೇಸಿನ ಕ್ವಾಡ್ ಬೈಕೊಂದನ್ನು ತಂದಿದ್ದೆ. ನಾಲ್ಕು ದಪ್ಪ ಚಕ್ರ, ನಡುವೆ ಬೈಕಿನ ಸೀಟು, ಹ್ಯಾಂಡಲ್. ನಮ್ಮ ಬೆಟ್ಟದಿಂದ ಘಾಟಿ ಇಳಿದರೆ ಸಿಗುವ ಸತ್ಯಮಂಗಲದ ಹತ್ತಿರ ಮಣ್ಣಿನ ಟ್ರ್ಯಾಕಿನಲ್ಲಿ ರೇಸು ಇದೆಯೆಂದು ಗೊತ್ತಾಗಿ, ಗೆಲ್ಲಲೇಬೇಕೆಂಬ ಹುಚ್ಚು ಹತ್ತಿತು. ರೇಸಿನ ಸುದ್ದಿ ಮುಚ್ಚಿಟ್ಟು, ಎಳೆತ ಸಾಲದು, ದೊಡ್ಡ ಕಾರ್ಬೊರೇಟರ್ ಹಾಕಿಕೊಡು ಎಂದು ರಾಚಪ್ಪನ ಬೆನ್ನು ಬಿದ್ದೆ.

ನಾಲ್ಕು ದಿನ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಗುಜರಿಯಿಂದ ಅಗಲ ಬಾಯಿಯ ಕಾರ್ಬೊರೇಟರ್ ಹುಡುಕಿ ತಂದ, ಎಂಜಿನ್ನಿಗೆ ಸೇರಿಸುವ ರಬ್ಬರ್ ಕೊಳವೆಯನ್ನು ಅದರ ಅಳತೆಗೆ ಕೊರೆದ. ಒಂದೊಂದೇ ಜೆಟ್ ಬದಲಿಸಿ ನನ್ನನ್ನು ಪೂರ್ತಿ ವೇಗದಲ್ಲಿ ಓಡಿಸುವನು, ಥಟ್ಟನೆ ಎಂಜಿನ್ ನಿಲ್ಲಿಸಿ, ಸುಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡುವನು. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕಪ್ಪಗಿದ್ದರೆ ಹೆಚ್ಚಾಯಿತು. ರಾಗಿ ರೊಟ್ಟಿಯ ಬಣ್ಣ ಬಂದ ದಿನ ನಕ್ಕ. ಕ್ವಾಡ್ ಹಗ್ಗ ಹರಿದ ಹೋರಿಯಂತೆ ನುಗ್ಗಿತು.

ಗಾಡಿ ಕೊಡುವಾಗ ನನ್ನ ಭುಜ ಹಿಡಿದು ಹೇಳಿದ: "ಇದು ಮ್ಯಾಲಿನ ಗಾಳಿಗ ಕಟ್ಟಿರದು ಕಣ್ಲಾ ಮಾದೇಸ. ಕೆಳಗ ಗಾಳಿ ದಪ್ಪ, ಈ ಜೆಟ್ಟು ಕೊಡೋ ಪೆಟ್ರೋಲು ಸಾಲ್ದು. ಪಿಸ್ಟನ್ ಕಾದು ಇಡ್ಕಂಡ್ಬುಡ್ತದ. ಘಾಟಿ ಇಳಿಬೇಡ." ಅವನ ತಮ್ಮ ಸತ್ತದ್ದು ಹಾಗೆಯೇ ಎಂದು ನನಗೆ ಆವತ್ತು ಅವನ ಬಾಯಿಂದಲೇ ಗೊತ್ತಾಯಿತು. ಘಾಟಿ ಇಳಿದು ಕೆಳಗಿನ ನೇರ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಎಂಜಿನ್ ಹಿಡಿದು, ಚಕ್ರ ಕಚ್ಚಿ ನಿಂತು, ಹಿಂದಿನ ಲಾರಿ ಅವನ ಮೇಲೆ ಹತ್ತಿತ್ತು. ಆ ಬೈಕಿನ ಕಾರ್ಬೊರೇಟರ್ ಟ್ಯೂನ್ ಮಾಡಿದವನು ರಾಚಪ್ಪನೇ. ನಾನು ಇಳಿಯುವುದಿಲ್ಲ ಎಂದೆ. ಕೆಳಗಿನ ಗಾಳಿಗೆ ಜೆಟ್ ಬದಲಿಸಿಕೊಡು ಅನ್ನಬಹುದಿತ್ತು, ಆದರೆ ರೇಸಿಗೆ ಎಂದು ತಿಳಿದರೆ ಗಾಡಿಯನ್ನೇ ಒಳಗಿಟ್ಟು ಬೀಗ ಹಾಕುತ್ತಾನೆಂದು ಬಾಯಿ ಮುಚ್ಚಿಕೊಂಡೆ.

ರೇಸಿನ ಬೆಳಿಗ್ಗೆ, ಘಾಟಿ ಇಳಿಯಲು ಶುರುವಾಗುವ ದಿಂಬಂನಲ್ಲಿ ಟೀ ಕುಡಿಯುತ್ತ ನಿಂತಿದ್ದೆ. ಯಾರು ಅವನ ಕಿವಿಗೆ ಹಾಕಿದರೋ, ರಾಚಪ್ಪ ಬೈಕಿನಲ್ಲಿ ಬಂದವನು ಸ್ಟ್ಯಾಂಡ್ ಹಾಕದೆ ಹಾಗೇ ಕೆಡವಿ ನನ್ನ ಕಡೆ ಓಡಿಬಂದ. ಒಂದೇ ಏಟಿಗೆ ಗ್ಲಾಸು ಹಾರಿ, ನಾನು ಬೆಂಚಿನ ಮೇಲೆ ಬಿದ್ದೆ. ಎದ್ದವನಿಗೆ ಇನ್ನೊಂದು ಬಿತ್ತು. ತುಟಿ ಸೀಳಿ ರಕ್ತ ಬಂತು, ಎಡಗಿವಿ ಗುಂಯ್‌ಗುಟ್ಟಿತು. ಆಮೇಲೆ ರಸ್ತೆ ಬದಿಯ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ, ತಾನೇ ಕಟ್ಟಿದ ಕಾರ್ಬೊರೇಟರನ್ನು ಜಜ್ಜಿದ. ಅದು ಒಡೆದು ಪೆಟ್ರೋಲು ರಸ್ತೆಗೆ ಹರಿದರೂ ನಿಲ್ಲಿಸಲಿಲ್ಲ. ಟೀ ಅಂಗಡಿಗಳ ತುಂಬ ಜನ, ನಮ್ಮೂರಿನವರೂ ಇದ್ದರು. "ಸಾಯದಾದ್ರ ಸಾಯಿ. ನಾ ಮಾಡಿರ ಗಾಡಿಲಿ ಸಾಯ್ಬೇಡ," ಎಂದ. ಅವನು ಅಳುತ್ತಿದ್ದ.

ನಾನು ಊರು ಸೇರುವ ಮೊದಲೇ ಸುದ್ದಿ ಸೇರಿತ್ತು. ಕೂಲಿಯವನ ಮಗ ನಮ್ಮ ಮನೆಯವನ ಕೆನ್ನೆಗೆ ಹೊಡೆದ ಎಂಬುದಷ್ಟೇ ಅಲ್ಲಿ ವಿಷಯ, ಕಾರ್ಬೊರೇಟರಿನ ಮಾತು ಯಾರಿಗೂ ಬೇಕಿರಲಿಲ್ಲ. ನಮ್ಮ ದೊಡ್ಡಪ್ಪ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿಸಿ ರಾಚಪ್ಪನನ್ನು ಕರೆಸಿದರು. ಅವನು ಕೈಮುಗಿಯಲಿಲ್ಲ. "ಇಳಿಬೇಡ, ಸಾಯ್ತಿಯ ಅಂತ ನಾ ಮೊದ್ಲೇ ಯೋಳಿದ್ದಿ. ಅವುನ್ನೇ ಕೇಳಿ," ಎಂದ.

ದೊಡ್ಡಪ್ಪ ನನ್ನ ಕಡೆ ತಿರುಗಿ, "ಯೋಳಿದ್ನಾ?" ಎಂದರು.

ಹೌದು ಎಂದರೆ, ಆ ಏಟು ನನಗೆ ಸಲ್ಲಬೇಕಾದದ್ದೇ ಎಂದು ಊರೆದುರು ಒಪ್ಪಿಕೊಂಡಂತೆ. ಎಲ್ಲರೂ ನನ್ನ ಊದಿದ ಕೆನ್ನೆಯನ್ನೇ ನೋಡುತ್ತಿದ್ದರು.

"ಇಲ್ಲ," ಎಂದೆ.

ನಮ್ಮ ಕಡೆಯ ನಾಲ್ವರು ಅವನನ್ನು ಕೆಡವಿದರು. ಬಲಗೈಯನ್ನು ಕಟ್ಟೆಯ ಕಲ್ಲಿನ ಮೇಲೆ ಒತ್ತಿಹಿಡಿದು ಜಾಕಿಯ ರಾಡಿನಿಂದ ಹೊಡೆದರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಎರಡನೆಯ ಏಟಿಗೆ ಅವನು ಕೂಗಿದ, ಮೂರನೆಯದಕ್ಕೆ ಕೂಗಲಿಲ್ಲ. ಕಣ್ಣು ಮಾತ್ರ ನನ್ನ ಮೇಲಿಂದ ಕೀಳಲಿಲ್ಲ. ನಾನು ಹೇಡಿ, ತಲೆ ತಗ್ಗಿಸಿದೆ. ಹತ್ತು ದಿನದೊಳಗೆ ರಾಚಪ್ಪ ವರ್ಕ್‌ಶಾಪ್ ಮುಚ್ಚಿ ಘಾಟಿ ಇಳಿದುಹೋದ.

ಮೂರು ವರ್ಷದ ಮೇಲೆ ಸತ್ಯಮಂಗಲದಲ್ಲಿ ಅವನನ್ನು ಹುಡುಕಿಕೊಂಡು ಹೋದೆ. ಯಾರದೋ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕುಳಿತು, ಎಂಜಿನ್ ಸದ್ದು ಕೇಳಿ ಅಲ್ಲಿನ ಮೆಕ್ಯಾನಿಕ್ಕಿಗೆ ತಮಿಳಿನಲ್ಲಿ ಏನೋ ಹೇಳಿಕೊಡುತ್ತಿದ್ದ. ಬಲಗೈ ಬೆರಳುಗಳು ಮುದುಡಿ ಅಂಗೈಗೆ ಅಂಟಿಕೊಂಡಿದ್ದವು. ನನಗೆ ಅಳು ತಡೆಯಲಾಗಲಿಲ್ಲ. ತಪ್ಪಾಯ್ತು ರಾಚಣ್ಣ, ಸುಳ್ಳು ಹೇಳಿದೆ ಎಂದೆ.

ಅವನು ಸ್ಟೂಲಿನ ಮೇಲೆಯೇ ನನ್ನ ಕಡೆ ತಿರುಗಿದ. "ಇಲ್ಲಿ ಯಾಕ ಯೋಳೀಯ? ಇಲ್ಲಿ ಯಾರೂ ನನ್ನ ಸುಳ್ಳುಗಾರ ಅನ್ನಲ್ಲ. ಓಗಿ ಆ ಕಟ್ಟೆ ಮ್ಯಾಲ ಯೋಳು."

ಇವತ್ತೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅದೇ ಕೊನೆಯ ಭೇಟಿ. ಬಸ್ಸು ಘಾಟಿ ಹತ್ತುವಷ್ಟು ಹೊತ್ತೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಊರಲ್ಲಿ ಇಳಿದಾಗ ಕಟ್ಟೆಯ ಮೇಲೆ ದೊಡ್ಡಪ್ಪನೂ ಆ ನಾಲ್ವರೂ ಕುಳಿತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಸತ್ಯಮಂಗಲಕ್ಕೆ ಎಂದೆ.

"ಯಾರ್ನ ನೋಡಕ?"

"ಯಾರ್ನೂ ಇಲ್ಲ," ಎಂದೆ. ದೊಡ್ಡಪ್ಪ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ನಾನು ಅವರ ಪಕ್ಕ ಕುಳಿತೆ.