ಕೆಸುವಿನೆಲೆಯ ಸಾಲಿನಲ್ಲಿ ನಿಂತ ದೊರೆ

‘ದ್ವೀಪದ ಜನ ಅವರನ್ನು ತಂದೆಯಂತೆ ಪ್ರೀತಿಸಿದರು.’ ನಮ್ಮ ಪಕ್ಕದ ಮನೆಯ ಬ್ರಿಟಿಷ್ ದೊರೆಯ ಶವಪೆಟ್ಟಿಗೆಯ ಮುಂದೆ ನಿಂತು ಬಂಧುವೊಬ್ಬರು ಹೀಗೆಂದಾಗ ಸಭೆಯೆಲ್ಲ ತಲೆದೂಗಿತು. ಬ್ರಿಟಿಷರ ಆಳ್ವಿಕೆಯ ಫಿಜಿಗೆ ಕಿರಿಯ ಅಧಿಕಾರಿಯಾಗಿ ಹೋದದ್ದು, ಜಿಲ್ಲೆಯೊಂದರ ಆಡಳಿತ ವಹಿಸಿದ್ದು, ಸೇತುವೆ ಕಟ್ಟಿಸಿದ್ದು, ರಾಣಿಯ ಪದಕ ಪಡೆದದ್ದು, ಕೊನೆಗೆ ಆಕ್ಲೆಂಡಿನಲ್ಲಿ ನೆಲೆಸಿದ್ದು, ಎಲ್ಲವೂ ಆ ಭಾಷಣದಲ್ಲಿತ್ತು. ಅದರಲ್ಲಿ ಸುಳ್ಳಿರಲಾರದು. ಆ ಮೊದಲ ವಾಕ್ಯವನ್ನು ಮಾತ್ರ ನಾನು ಒಪ್ಪುವುದಿಲ್ಲ.

ನನ್ನ ಕಣ್ಣಿನಲ್ಲಿ ಉಳಿದಿರುವುದು ಬೇರೆಯೇ ಚಿತ್ರ. ಎಂಬತ್ತು ದಾಟಿದ, ಬಾಗಿಯೂ ಎಲ್ಲರಿಗಿಂತ ಎತ್ತರವಾದ ದೇಹ. ಕಂದು ಚುಕ್ಕೆಗಳು ತುಂಬಿದ ಕೈಗಳು ಎದೆಗೆ ಅವಚಿಕೊಂಡ ಹುಲ್ಲಿನ ಟೋಪಿ. ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ ನಡುಗಿದ ಮರುವರ್ಷದಿಂದ ಪ್ರತಿ ಭಾನುವಾರ ನನ್ನ ಮಗಳು ನಮ್ಮಿಬ್ಬರನ್ನೂ ಏವನ್‌ಡೇಲ್ ಸಂತೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದಳು. ಫಿಜಿಯಿಂದ ಬಂದ ಭಾರತೀಯ ಮೂಲದ ಹೆಂಗಸೊಬ್ಬರು ಅಲ್ಲಿ ಕೆಸುವಿನೆಲೆ ಮಾರುತ್ತಿದ್ದರು. ದೊರೆ ಟೋಪಿ ತೆಗೆದು ಅವರ ಮುಂದಿನ ಸಾಲಿನಲ್ಲಿ ನಿಲ್ಲುವರು. ಸರದಿ ಬಂದಾಗ ಆಕೆ, “ನಿನಗಿಲ್ಲ. ಮುಂದಿನವರು ಬನ್ನಿ” ಎನ್ನುವರು. ದೊರೆ ತಲೆಬಾಗಿ ಹೊರಟುಬರುವರು. ಮುಂದಿನ ವಾರ ಮತ್ತೆ ಅದೇ ಸಾಲು.

“ಅಪ್ಪಾ, ಆ ಆಂಟಿ ಕೊಡಲ್ಲ ಅಂತ ಗೊತ್ತಿದ್ದೂ ಅಂಕಲ್ ಯಾಕೆ ಕ್ಯೂ ನಿಲ್ತಾರೆ? ಪಕ್ಕದ ಸ್ಟಾಲ್‌ನಲ್ಲೇ ರಾಶಿ ಬಿದ್ದಿದೆ!” ಎಂದಳು ಮಗಳು.

ನನಗೆ ಬಂದಷ್ಟು ಹಿಂದಿಯಲ್ಲಿ ಆಕೆಯನ್ನೇ ವಿಚಾರಿಸಿದೆ. ತಾನು ಯಾರೆಂಬುದನ್ನು ದೊರೆ ಮೊದಲ ಭೇಟಿಯಲ್ಲೇ ಹೇಳಿಕೊಂಡಿದ್ದರಂತೆ. ಆಕೆಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ, ನೋಡುತ್ತಲೇ ಗುರುತು ಹಿಡಿದಿದ್ದರು.

“ಫಿಜಿಯಲ್ಲಿ ನಾನಿನ್ನೂ ಚಿಕ್ಕವಳು. ಗೇಣಿ ಮುಗಿಯಿತು, ಜಾಗ ಬಿಡಿ ಅಂತ ಇವನೇ ಪೊಲೀಸರನ್ನು ಕರ್ಕೊಂಡು ಬಂದ, ಭಾಯಿ. ಒಲೆ ಮೇಲೆ ಅನ್ನ ಕುದೀತಿತ್ತು. ಬೆಂದ ಮೇಲೆ ಹೊರಡ್ತೀವಿ ಅಂತ ಅಮ್ಮ ಕೈಮುಗಿದಳು. ಅವನು ಗಡಿಯಾರ ನೋಡಿದ. ಒಲೆ ಒಡೆದ್ರು. ನಾವು ಹಸಿದುಕೊಂಡೇ ಕಬ್ಬಿನ ಗದ್ದೆ ದಾಟಿದ್ವಿ.”

ಆ ಸಂಜೆ ಬೇಲಿಯ ಬಳಿ ದೊರೆಯನ್ನು ನೇರವಾಗಿಯೇ ಕೇಳಿದೆ. ಅವರು ಮುಖ ತಿರುಗಿಸಲಿಲ್ಲ.

“ನಿಜ. ಕೋರ್ಟಿನ ಆದೇಶ ನನ್ನ ಕೈಯಲ್ಲಿತ್ತು. ಆದರೆ ಅನ್ನ ಬೇಯುವವರೆಗೆ ಕಾಯಬಾರದೆಂದು ಯಾವ ಆದೇಶದಲ್ಲೂ ಇರಲಿಲ್ಲ.”

“ಹಾಗಾದರೆ ಕ್ಷಮೆ ಕೇಳಿಬಿಡಿ.”

“ಕೇಳಿದರೆ ಉತ್ತರ ಕೊಡುವ ಹೊರೆ ಆಕೆಯ ಮೇಲೆ ಬೀಳುತ್ತದೆ. ಅಂದು ಆ ಮನೆಯಲ್ಲಿ ಯಾರಿಗೂ ನನಗೆ ‘ಇಲ್ಲ’ ಎನ್ನುವ ಅಧಿಕಾರವಿರಲಿಲ್ಲ. ಇಂದು ಆಕೆಗಿದೆ. ಅದನ್ನು ಆಕೆ ಚಲಾಯಿಸಲಿ.”

ಸಾಮ್ರಾಜ್ಯಗಳ ಬಗ್ಗೆ ಹೊಗಳಿಕೆಯನ್ನೂ ಓದಿದ್ದೇನೆ, ತೆಗಳಿಕೆಯನ್ನೂ ಓದಿದ್ದೇನೆ. ಒಂದು ಜಿಲ್ಲೆಯನ್ನು ಆಳಿದವನು ವಾರವಾರವೂ ಇಲ್ಲವೆನ್ನಿಸಿಕೊಳ್ಳಲೆಂದೇ ಸಾಲಿನಲ್ಲಿ ನಿಲ್ಲುವುದನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಹೀಗೆಯೇ ಮೂರು ಚಳಿಗಾಲಗಳು ಕಳೆದಿರಬೇಕು. ಒಂದು ಭಾನುವಾರ ಆಕೆ ಸಹಾಯಕ್ಕೆ ಯಾರೂ ಇಲ್ಲದೆ ಒಬ್ಬರೇ ಬಂದಿದ್ದರು. ಕೊರೆಯುವ ಚಳಿ. ದೊರೆಯ ಸರದಿ ಬಂತು. ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಏ ಸಾಹೇಬ, ಕಂಬದ ಹಾಗೆ ಎಷ್ಟು ಅಂತ ನಿಲ್ತೀಯ? ಇಲ್ಲಿ ಕೂತ್ಕೋ. ನಾನು ಚಾ ಕುಡಿದು ಬರ್ತೀನಿ. ಯಾರು ಚೌಕಾಸಿ ಮಾಡಿದ್ರೂ ಬಗ್ಗಬೇಡ.”

ದೊರೆ ಮಗುಚಿಟ್ಟ ಪೆಟ್ಟಿಗೆಯ ಮೇಲೆ, ಮೊಣಕಾಲುಗಳು ಎದೆಗೆ ತಾಗುವಂತೆ ಕುಳಿತರು. ಗಿರಾಕಿಗಳಿಗೆ ಒಂದೊಂದು ಕಟ್ಟನ್ನೂ ಎರಡು ಕೈಯಿಂದ ಎತ್ತಿಕೊಟ್ಟರು.

ನನ್ನ ಮಗಳು ಕೀಟಲೆಗೆ, “ಅಂಕಲ್, ನೆಯ್ಬರ್ಸ್‌ಗೆ ಡಿಸ್ಕೌಂಟ್ ಇಲ್ವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಬೆಲೆ ಇಳಿಸುವ ಅಧಿಕಾರ ನನಗಿಲ್ಲಮ್ಮ” ಎಂದರು, ಸ್ವಲ್ಪವೂ ನಗದೆ.

ಚಹಾ ಮುಗಿಸಿ ಬಂದ ಆಕೆ, ಒಂದು ಕಟ್ಟನ್ನು ಅವರ ಚೀಲಕ್ಕೆ ಹಾಕಿ ಅಂಗೈ ಚಾಚಿದರು. ಎಲ್ಲ ಗಿರಾಕಿಗಳಿಂದ ಪಡೆಯುವಂತೆ ಪೂರ್ತಿ ಬೆಲೆ ಪಡೆದರು. ಕಾರಿನಲ್ಲಿ ದೊರೆ ಆ ಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ.

ಆ ವಸಂತದಲ್ಲೇ ಅವರು ತೀರಿಕೊಂಡರು. ಸಂತೆಯಲ್ಲಿ ಆಕೆಗೆ ಸುದ್ದಿ ತಿಳಿಸಲು ಹೋದವನು, “ಅವರನ್ನು ಕ್ಷಮಿಸಿದಿರಾ?” ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

“ಅದನ್ನ ಕೇಳೋಕೆ ನೀವ್ಯಾರು, ಭಾಯಿ?” ಎಂದು ಗದರಿದ ಆಕೆ, ಆ ದಿನ ಬಹಳ ಹೊತ್ತು ಎಲೆಗಳಿಗೆ ನೀರು ಚಿಮುಕಿಸುತ್ತಲೇ ಇದ್ದರು.

ನನ್ನ ಮಾತನ್ನು ನಂಬಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಏವನ್‌ಡೇಲ್‌ಗೆ ಹೋಗಿ. ಆಕೆ ಈಗಲೂ ಅಲ್ಲಿ ಕೂರುತ್ತಾರೆ. ಕೇಳಿದರೆ ಒಲೆ ಒಡೆಸಿದ್ದನ್ನೂ ಹೇಳುತ್ತಾರೆ, ಅಂಗಡಿ ಕಾಯಿಸಿದ್ದನ್ನೂ ಹೇಳುತ್ತಾರೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವವರಲ್ಲ.